ಹುಟ್ಟುವಾಗಲೇ ಕಿವಿ ಸಣ್ಣಗಿದೆಯೇ? ಆಪರೇಷನ್‌ಗೆ ಮೊದಲು ಕೇಳಿಸುತ್ತಾ ನೋಡಿಸಿ

ಹುಟ್ಟಿದ ಮಗುವಿನ ಒಂದು ಕಿವಿ ಮುದುಡಿಕೊಂಡು ಸಣ್ಣ ಚರ್ಮದ ತುಂಡಿನಂತೆ ಇದ್ದರೆ ಮನೆಯಲ್ಲಿ ಮೊದಲು ಏಳೋ ಮಾತು ಗ್ರಹಣದ್ದು. ಬಸುರಿ ಇದ್ದಾಗ ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯ್ತು ಅಂತ ತಾಯಿ ಮೇಲೆ ಹೊರಿಸ್ತಾರೆ. ಅದು ಸುಳ್ಳು. ಇದರ ಹೆಸರು ಮೈಕ್ರೋಷಿಯಾ. ಗರ್ಭದಲ್ಲಿ ಹೊರಕಿವಿ ಪೂರ್ತಿ ಬೆಳೆದಿರಲ್ಲ, ಅಷ್ಟೇ. ಹೆಚ್ಚಾಗಿ ಒಂದೇ ಕಿವಿಗೆ, ಅದರಲ್ಲೂ ಬಲಗಿವಿಗೆ ಬರುತ್ತೆ.

ಕಿವಿ ತೂತೂ ಮುಚ್ಚಿರೋದು ಸಾಮಾನ್ಯ. ಆದರೆ ಒಳಕಿವಿ ಬಹುತೇಕ ಸರಿ ಇರುತ್ತೆ. ಅದಕ್ಕೇ ರೂಪದ ಚಿಂತೆ ಬಿಟ್ಟು ಮೊದಲು 'ಬೇರಾ' ಪರೀಕ್ಷೆ ಮಾಡಿಸಿ. ಹಸುಗೂಸಿಗೂ ಮಾಡ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯ ಇದೆ. ಎರಡೂ ಕಿವಿ ಮುಚ್ಚಿದ್ದರೆ, ಮೂಳೆ ಮೂಲಕ ಶಬ್ದ ಮುಟ್ಟಿಸುವ ಮಿಷನ್ನನ್ನು ಪಟ್ಟಿಯಲ್ಲಿ ತಲೆಗೆ ಕಟ್ತಾರೆ. ಇದು ಮೊದಲ ತಿಂಗಳುಗಳಲ್ಲೇ ಬೇಕು, ತಡವಾದರೆ ಮಾತು ಕಲಿಯೋದು ಹಿಂದೆ ಬೀಳುತ್ತೆ.

ಇನ್ನು ಆಪರೇಷನ್. ಹೆಚ್ಚು ಚಾಲ್ತಿಯಲ್ಲಿರೋದು ಮಗುವಿನದೇ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು, ಕಿವಿ ಆಕಾರಕ್ಕೆ ಕೆತ್ತಿ, ಚರ್ಮದ ಕೆಳಗೆ ಕೂರಿಸೋದು. ಕೆಲವು ತಿಂಗಳು ಬಿಟ್ಟು ಅದನ್ನು ತಲೆಯಿಂದ ಮೇಲಕ್ಕೆತ್ತಿ ನಿಲ್ಲಿಸ್ತಾರೆ. ಕೆತ್ತೋಷ್ಟು ಮೃದ್ವಸ್ಥಿ ಬೆಳೆದಿರಬೇಕಲ್ಲ! ಅಮೆರಿಕದ ಬ್ರೆಂಟ್ ಪದ್ಧತಿಯಲ್ಲಿ ಸುಮಾರು 6 ವರ್ಷಕ್ಕೆ ಶುರು ಮಾಡ್ತಾರೆ. ಜಪಾನಿನ ನಾಗಾಟ ಪದ್ಧತಿಗೆ 10 ವರ್ಷ ಆಗಿ, ಎದೆ ಸುತ್ತಳತೆ 60 ಸೆಂ.ಮೀ. ಇರಬೇಕು. ಎದೆ ಮೇಲೆ ಗಾಯದ ಗುರುತು ಉಳಿಯುತ್ತೆ, ಕೆಲ ದಿನ ನೋವೂ ಇರುತ್ತೆ. ಆದರೆ ಸ್ವಂತ ದೇಹದ್ದಾದ್ದರಿಂದ ಚೆನ್ನಾಗಿ ಕೂತರೆ ಜೀವನಪೂರ್ತಿ ಬಾಳಿಕೆ ಬರುತ್ತೆ.

ಮೆಡ್‌ಪೋರ್ ಅನ್ನೋ ಪ್ಲಾಸ್ಟಿಕ್ ಅಚ್ಚನ್ನು 3-4 ವರ್ಷಕ್ಕೇ ಕೂರಿಸಬಹುದು, ಪಕ್ಕೆಲುಬು ಮುಟ್ಟಲ್ಲ. ಆದರೆ ಪೆಟ್ಟು ಬಿದ್ದರೆ ಮುರಿಯಬಹುದು, ಚರ್ಮ ಹರಿದು ಹೊರಗೆ ಕಾಣಬಹುದು. ಸಿಲಿಕೋನ್ ಕಿವಿ ನೋಡೋಕೆ ಥೇಟ್ ಅಸಲಿ. ಅಂಟಿನಿಂದಲೋ, ಮೂಳೆಗೆ ಹಾಕಿದ ಟೈಟಾನಿಯಂ ಸ್ಕ್ರೂನಿಂದಲೋ ನಿಲ್ಲುತ್ತೆ. ರಾತ್ರಿ ತೆಗೆದಿಡಬೇಕು, ಕೆಲವು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು.

ಇವ್ಯಾವುದರಿಂದಲೂ ಕಿವಿ ಕೇಳಿಸಲ್ಲ, ಬರೀ ರೂಪ ಬರುತ್ತೆ. ತುಂಬಾ ಜನ ಇಲ್ಲೇ ಮೋಸ ಹೋಗೋದು. ಕೇಳಿಸೋಕೆ ಚಿಕಿತ್ಸೆ ಬೇರೆ.

ಮುದುಡಿದ ಚರ್ಮ ಚೆನ್ನಾಗಿ ಕಾಣಲ್ಲ ಅಂತ ಎಲ್ಲೋ ಕೊಯ್ಸಿ ಹಾಕಬೇಡಿ. ಮುಂದೆ ಕಿವಿ ಕಟ್ಟೋಕೆ ಆ ಚರ್ಮ, ಆ ಹಾಲೆ ಬೇಕು. ಕಿವಿ ಚುಚ್ಚೋ ಶಾಸ್ತ್ರಕ್ಕೂ ಮೊದಲು ಪ್ಲಾಸ್ಟಿಕ್ ಸರ್ಜನ್‌ರನ್ನು ಕೇಳಿ. ಕ್ಲಾಸಲ್ಲಿ ಒಳ್ಳೆ ಕಿವಿ ಮೇಷ್ಟ್ರ ಕಡೆ ಬರೋ ಹಾಗೆ ಮಗುನ ಕೂರಿಸಿ. ಆ ಕಿವಿ ಸೋರಿದರೆ ಎಣ್ಣೆ ಬಿಡ್ತಾ ಕೂರದೆ ಅವತ್ತೇ ಡಾಕ್ಟರ್‌ಗೆ ತೋರಿಸಿ.