ಬೆದೆ ನಿಂತರೆ ಕುದುರೆ ಗಬ್ಬವಾದಂತೆಯೇ? ವಾಸ್ತವ ಇಲ್ಲಿದೆ

ಹೇಳಿಕೆ: ಗಂಡು ಕೂಡಿಸಿದ ಮೇಲೆ ಹೆಣ್ಣು ಕುದುರೆಯ ಬೆದೆ ನಿಂತರೆ ಅದು ಗಬ್ಬವಾಗಿದೆ ಎಂದರ್ಥ.

ವಾಸ್ತವ: ತಪ್ಪು. ಗಬ್ಬವಾಗದಿದ್ದರೂ ಬೆದೆ ನಿಲ್ಲುತ್ತದೆ.

ಜಮಖಂಡಿ, ಮುಧೋಳ ಭಾಗದ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತಿಗೆ ಇಂದಿಗೂ ಜನ ಸೇರುತ್ತಾರೆ. ಮನೆಯ ಕುದುರೆಯಿಂದಲೇ ಮರಿ ಪಡೆಯಬೇಕೆನ್ನುವವರು ಈ ಮಾತು ನಂಬಿ ತಪಾಸಣೆ ಬಿಟ್ಟರೆ ಮುಂದಿನ ಬೆದೆ ಕೈತಪ್ಪುತ್ತದೆ. ಕುದುರೆಯ ಗಬ್ಬದ ಅವಧಿಯೇ ಸುಮಾರು 11 ತಿಂಗಳು. ಹೀಗಾಗಿ ಒಂದು ವರ್ಷವೇ ವ್ಯರ್ಥವಾಗಬಹುದು.

ಒಳಗೆ ಏನಾಗುತ್ತದೆ?

ಕುದುರೆಯ ಬೆದೆ ಚಕ್ರ ಸುಮಾರು 21 ದಿನ. ಅದರಲ್ಲಿ ಬೆದೆ ಇರುವುದು 5ರಿಂದ 7 ದಿನ. ಬೆದೆ ಮುಗಿಯಲು ಒಂದೆರಡು ದಿನ ಇರುವಾಗ ಅಂಡಾಶಯದ ನೀರುಗುಳ್ಳೆ ಒಡೆದು ಅಂಡ ಹೊರಬರುತ್ತದೆ. ಒಡೆದ ಜಾಗದಲ್ಲಿ ಹೊಸ ರಕ್ತನಾಳಗಳು ಬೆಳೆದು ಒಂದು ಗಂಟು ಮೂಡುತ್ತದೆ. ಪಶುವೈದ್ಯರು ಇದನ್ನು ಕಾರ್ಪಸ್ ಲೂಟಿಯಂ ಎನ್ನುತ್ತಾರೆ. ಇದಕ್ಕೆ ರಕ್ತ ಹರಿದಂತೆ ಪ್ರೊಜೆಸ್ಟೆರಾನ್ ಹಾರ್ಮೋನು ಏರುತ್ತದೆ. ಬೆದೆ ನಿಲ್ಲಿಸುವುದು ಈ ಹಾರ್ಮೋನು. ಗಂಡು ಕೂಡಿಸಲಿ, ಬಿಡಲಿ, ಇದು ನಡೆದೇ ತೀರುತ್ತದೆ.

ವ್ಯತ್ಯಾಸ ಕಾಣುವುದು ಎರಡು ವಾರದ ನಂತರ. ಗಬ್ಬವಿಲ್ಲದಿದ್ದರೆ 14-15ನೇ ದಿನದ ಹೊತ್ತಿಗೆ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಬಿಡುತ್ತದೆ. ಆಗ ಗಂಟಿನ ರಕ್ತ ಹರಿವು ಕುಗ್ಗಿ, ಪ್ರೊಜೆಸ್ಟೆರಾನ್ ಇಳಿದು, ಕುದುರೆ ಮತ್ತೆ ಬೆದೆಗೆ ಬರುತ್ತದೆ. ಗಬ್ಬವಿದ್ದರೆ ಭ್ರೂಣವು ಸುಮಾರು 16ನೇ ದಿನದವರೆಗೆ ಗರ್ಭಕೋಶದ ತುಂಬ ಓಡಾಡಿ ಆ ಸ್ರಾವವನ್ನು ತಡೆಯುತ್ತದೆ. ಗಂಟು ಉಳಿಯುತ್ತದೆ.

ರಕ್ತ ಪರೀಕ್ಷೆ ಸಾಕೇ?

ಸಾಲದು. 10ನೇ ದಿನ ಗಬ್ಬವಾದ ಕುದುರೆಯಲ್ಲೂ ಆಗದ ಕುದುರೆಯಲ್ಲೂ ಪ್ರೊಜೆಸ್ಟೆರಾನ್ ಹೆಚ್ಚೇ ಇರುತ್ತದೆ. ಕೆಲವು ಕುದುರೆಗಳಲ್ಲಿ ಗಬ್ಬವಿಲ್ಲದೆಯೂ ಗಂಟು ವಾರಗಟ್ಟಲೆ ಉಳಿಯುತ್ತದೆ. ಅಂಥ ಕುದುರೆ 21 ದಿನ ಕಳೆದರೂ ಬೆದೆಗೆ ಬರುವುದಿಲ್ಲ. ಕಲರ್ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗಂಟಿನ ರಕ್ತ ಹರಿವು ಕಾಣುತ್ತದೆ. ಆದರೆ ಖಚಿತ ಉತ್ತರ ಕೊಡುವುದು ಗರ್ಭಕೋಶದಲ್ಲಿ ಭ್ರೂಣವನ್ನೇ ತೋರಿಸುವ ಸ್ಕ್ಯಾನ್.

ನೀವು ಏನು ಮಾಡಬೇಕು?

• ಅಂಡ ಬಿಡುಗಡೆಯಾದ 14ರಿಂದ 16 ದಿನಗಳಲ್ಲಿ ಪಶುವೈದ್ಯರಿಂದ ಸ್ಕ್ಯಾನ್ ಮಾಡಿಸಿ. ಅವಳಿ ಇದ್ದರೂ ಆಗಲೇ ಗೊತ್ತಾಗುತ್ತದೆ. ಕುದುರೆಗೆ ಅವಳಿ ಗಬ್ಬ ಅಪಾಯಕಾರಿ, ಬಹುತೇಕ ಗಬ್ಬ ಇಳಿದುಹೋಗುತ್ತದೆ.
• ಬೆದೆಗೆ ತರುವ ಇಂಜೆಕ್ಷನ್ ಅನ್ನು ಕೇಳಿದವರ ಮಾತಿನ ಮೇಲೆ ಕೊಡಿಸಬೇಡಿ. ಅದರಲ್ಲಿ ಪ್ರೊಸ್ಟಗ್ಲಾಂಡಿನ್ ಇದ್ದರೆ ಇರುವ ಗಬ್ಬವೂ ಹೋಗಬಹುದು.
• ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಕುದುರೆ ಸಾಕುವವರು ನಿಮ್ಮ ಗ್ರೂಪ್‌ನಲ್ಲಿದ್ದರೆ ಈ ಮಾಹಿತಿಯನ್ನು ಅವರಿಗೆ ಕಳಿಸಿ.