ಹಳೇ ಪಿಸಿ ಕಥೆಗಳು | ಭಾಗ 4: ಬಿಲ್ಲಲ್ಲಿ 800, ಸ್ಕ್ರೀನಲ್ಲಿ 200

ಕಳೆದ ಭಾನುವಾರ ಅಟ್ಟ ಕ್ಲೀನ್ ಮಾಡುವಾಗ ಅಪ್ಪನ ಹಳೇ ಡೆಸ್ಕ್‌ಟಾಪ್ ಸಿಕ್ತು. 2004ರಲ್ಲಿ ಕಂತಿನ ಮೇಲೆ ತಗೊಂಡಿದ್ದು. ಹಗಲು ಕೆಲಸ ಮುಗಿಸಿ ಬಂದು ರಾತ್ರಿ ನಾಲ್ಕೈದು ಅಂಗಡಿಗಳ ಲೆಕ್ಕ ಇದರಲ್ಲೇ ಬರೀತಿದ್ರು. ನಮ್ಮ ಸ್ಕೂಲ್ ಫೀಸು ಹೋಗಿದ್ದು ಆ ದುಡ್ಡಲ್ಲೇ. ಬಿಲ್ಲು ಇವತ್ತಿಗೂ ಫೈಲಲ್ಲಿದೆ: ಪೆಂಟಿಯಂ 4, 2.8 ಗಿಗಾಹರ್ಟ್ಸ್, 800 ಮೆಗಾಹರ್ಟ್ಸ್ ಬಸ್, ಡಿಡಿಆರ್ 400 ರ್‍ಯಾಮ್.

ಧೂಳು ಒರೆಸಿ ಆನ್ ಮಾಡಿದೆ. ಆನ್ ಆಯ್ತು! ಖುಷಿಯಲ್ಲಿ ಸಿಪಿಯು-ಝಡ್ ಹಾಕಿ ನೋಡಿದ್ರೆ ಬಸ್ ಸ್ಪೀಡ್ 200. ರ್‍ಯಾಮ್ ಕೂಡ 400 ಅಲ್ಲ, 200. ನಾನು ಹಿಂದೆ ಮುಂದೆ ಯೋಚಿಸದೆ, "ಅಪ್ಪ, ಅಂಗಡಿಯವರು ನಿಮಗೆ ಟೋಪಿ ಹಾಕಿದಾರೆ" ಅಂದುಬಿಟ್ಟೆ. ಅಪ್ಪ ಏನೂ ಹೇಳಲಿಲ್ಲ. ಬಿಲ್ಲು ಮಡಚಿ ಫೈಲಲ್ಲಿಟ್ಟು ಒಳಗೆ ಹೋದರು.

ಆ ಮುಖ ನೋಡಿದ ಮೇಲೆ ರಾತ್ರಿ ಕೂತು ಹುಡುಕಿದೆ. ಸಿಕ್ಕಿದ ಇತಿಹಾಸ ಇದು.

👉 ಒಂದೇ ನಂಬರ್ ಇದ್ದ ಕಾಲ
ಬಸ್ ಅಂದ್ರೆ ಪ್ರೊಸೆಸರ್‌ಗೂ ಮದರ್‌ಬೋರ್ಡಿನ ಉಳಿದ ಭಾಗಕ್ಕೂ ನಡುವೆ ಡೇಟಾ ಓಡಾಡೋ ದಾರಿ. 1981ರ ಐಬಿಎಂ ಪಿಸಿಯಲ್ಲಿ 14.318 ಮೆಗಾಹರ್ಟ್ಸ್‌ನ ಒಂದು ಹರಳು ಇತ್ತು. ಅಮೆರಿಕದ ಕಲರ್ ಟಿವಿಯ ಬಣ್ಣದ ಸಿಗ್ನಲ್‌ನ ಸರಿಯಾಗಿ ನಾಲ್ಕು ಪಟ್ಟು ಇದು. ಅದನ್ನ ಮೂರರಿಂದ ಭಾಗಿಸಿದ್ರೆ 4.77 ಮೆಗಾಹರ್ಟ್ಸ್. ಪ್ರೊಸೆಸರ್ ವೇಗವೂ ಅದೇ, ಬಸ್ ವೇಗವೂ ಅದೇ. ಗೊಂದಲಕ್ಕೆ ಜಾಗವೇ ಇರಲಿಲ್ಲ.

👉 ಎರಡು ನಂಬರ್ ಆಗಿದ್ದು
1992ರಲ್ಲಿ ಇಂಟೆಲ್ 486 ಡಿಎಕ್ಸ್2 ತಂತು. ಬಸ್ 33, ಪ್ರೊಸೆಸರ್ 66. ಅಲ್ಲಿಂದ ಗುಣಕ ಅನ್ನೋದು ಶುರು: ಬಸ್ × ಗುಣಕ = ಪ್ರೊಸೆಸರ್ ವೇಗ. ಬೋರ್ಡಿನ ಮೇಲೆ ಜಂಪರ್ ಅನ್ನೋ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಎಲ್ಲಿ ಸಿಕ್ಕಿಸ್ತೀವಿ ಅನ್ನೋದರ ಮೇಲೆ ವೇಗ ನಿಂತಿತ್ತು. ಕೆಲವರು ಇದನ್ನೇ ದಂಧೆ ಮಾಡ್ಕೊಂಡು, ಕಡಿಮೆ ವೇಗದ ಚಿಪ್ ಮೇಲೆ ಜಾಸ್ತಿ ವೇಗದ ನಂಬರ್ ಅಚ್ಚು ಹಾಕಿ ಮಾರಿದ್ರು. ಆಮೇಲೆ ಇಂಟೆಲ್ ಗುಣಕಕ್ಕೆ ಬೀಗ ಹಾಕ್ತು. ಆದ್ರೂ ಬಸ್ ಬದಲಾಯಿಸಬಹುದಿತ್ತು. 1998ರ ಸೆಲೆರಾನ್ 300ಎ ಚಿಪ್‌ನ ಬಸ್ 66ರಿಂದ 100ಕ್ಕೆ ಏರಿಸಿದ್ರೆ 300 ಇದ್ದದ್ದು 450 ಆಗ್ತಿತ್ತು. ಅದಕ್ಕೇ ಆ ಚಿಪ್ ಅಷ್ಟು ಫೇಮಸ್ಸು.

👉 ಮೂರನೇ ನಂಬರ್ ಬಂತು
ನಾನು ಎಡವಿದ್ದು ಇಲ್ಲೇ. 1999ರಲ್ಲಿ ಎಎಂಡಿಯ ಅಥ್ಲಾನ್ ಬಂತು. ಅದರ ಬಸ್ ಗಡಿಯಾರ 100, ಆದ್ರೆ ಪ್ರತಿ ಬಡಿತಕ್ಕೆ ಎರಡು ಸಲ ಡೇಟಾ ಹೋಗತ್ತೆ. ಪೆಟ್ಟಿಗೆ ಮೇಲೆ ಬರೆದಿದ್ದು "200". 2000ದ ನವೆಂಬರ್‌ನಲ್ಲಿ ಬಂದ ಪೆಂಟಿಯಂ 4 ಬಡಿತಕ್ಕೆ ನಾಲ್ಕು ಸಲ ಕಳಿಸ್ತು. ಗಡಿಯಾರ 100, ಹೆಸರು "400". 2002ರಲ್ಲಿ 133 ಇದ್ದದ್ದು "533" ಆಯ್ತು. 2003ರಲ್ಲಿ 200 ಇದ್ದದ್ದು "800" ಆಯ್ತು.

ತಾಳ ಹಾಕೋರಿಗೆ ಇದು ಬೇಗ ಅರ್ಥ ಆಗತ್ತೆ. ಕೈ ತಟ್ಟೋದು ಒಂದೇ ಸಲ, ಅದರೊಳಗೆ ತ-ಕ-ಧಿ-ಮಿ ಅಂತ ನಾಲ್ಕು ಅಕ್ಷರ. ಅಂಗಡಿಯವರು ಅಕ್ಷರ ಎಣಿಸಿ 800 ಅಂತ ಬರೆದ್ರು. ನಾನು ನೋಡಿದ ಸಾಲು ತಟ್ಟಿದ್ದನ್ನ ಎಣಿಸಿ 200 ಅಂತು. ಸೆಕೆಂಡಿಗೆ 20 ಕೋಟಿ ಬಡಿತ, 80 ಕೋಟಿ ಸಲ ಡೇಟಾ. ಎರಡೂ ನಿಜ. ತಪ್ಪೇನಾದ್ರೂ ಇದ್ರೆ ಎರಡಕ್ಕೂ "ಮೆಗಾಹರ್ಟ್ಸ್" ಅಂತಲೇ ಹೆಸರಿಟ್ಟಿದ್ದು.

ನಾಚಿಕೆ ವಿಷಯ ಏನಂದ್ರೆ, ಸಿಪಿಯು-ಝಡ್‌ನಲ್ಲಿ ಬಸ್ ಸ್ಪೀಡ್ ಕೆಳಗಿನ ಸಾಲಲ್ಲೇ "ರೇಟೆಡ್ ಎಫ್‌ಎಸ್‌ಬಿ 800" ಅಂತ ಇತ್ತು. ನಾನು ನೋಡಲೇ ಇಲ್ಲ.

👉 ಹಾಗಾದ್ರೆ ನಿಜವಾದ ತೊಂದರೆ ಗೊತ್ತಾಗೋದು ಹೇಗೆ? (ಸೇವ್ ಮಾಡ್ಕೊಳ್ಳಿ)

1. ಬಿಲ್ಲಿನ ನಂಬರ್ ಸ್ಕ್ರೀನಿನ ನಂಬರ್‌ಗಿಂತ ಸರಿಯಾಗಿ 2 ಅಥವಾ 4 ಪಟ್ಟು ಇದ್ಯಾ? ಹಾಗಿದ್ರೆ ಅದು ಎಣಿಕೆಯ ವ್ಯತ್ಯಾಸ. ಡಿಡಿಆರ್ ರ್‍ಯಾಮ್‌ದೂ ಇದೇ ಕಥೆ, ಬಡಿತಕ್ಕೆ ಎರಡು ಸಲ.

2. 200 ಬದಲು 199.5 ಥರ ಬಂದ್ರೆ ಹೆದರಬೇಡಿ. ರೇಡಿಯೋ ತರಂಗದ ಗಲಾಟೆ ಕಡಿಮೆ ಮಾಡೋಕೆ ಬೋರ್ಡೇ ಗಡಿಯಾರವನ್ನ ಸ್ವಲ್ಪ ಆಚೀಚೆ ಮಾಡತ್ತೆ. ಬಯೋಸ್‌ನಲ್ಲಿ ಸ್ಪ್ರೆಡ್ ಸ್ಪೆಕ್ಟ್ರಮ್ ಅಂತ ಇರೋದು ಇದೇ.

3. ಬಸ್ ಸರಿ ಇದ್ದು ಒಟ್ಟು ವೇಗ ಮಾತ್ರ ಇಳಿದಿದ್ರೆ ಗುಣಕ ನೋಡಿ. ಕೆಲಸ ಇಲ್ಲದಾಗ ಕರೆಂಟ್ ಉಳಿಸೋಕೆ ಎಷ್ಟೋ ಪ್ರೊಸೆಸರ್‌ಗಳು ಗುಣಕ ಇಳಿಸ್ಕೊಳ್ತವೆ. ಏನಾದ್ರೂ ಭಾರದ ಕೆಲಸ ಕೊಟ್ಟು ಮತ್ತೆ ನೋಡಿ.

4. 133 ಇರಬೇಕಾದ ಕಡೆ 100 ಬಂದ್ರೆ ಅದು ನಿಜವಾದ ತೊಂದರೆ. ಅಥ್ಲಾನ್ ಎಕ್ಸ್‌ಪಿ 2000+ ಇದಕ್ಕೆ ಒಳ್ಳೇ ಉದಾಹರಣೆ. 12.5 × 133 ಲೆಕ್ಕದಲ್ಲಿ ಅದು 1667 ಮೆಗಾಹರ್ಟ್ಸ್ ಓಡಬೇಕು. ಬಯೋಸ್ ರಿಸೆಟ್ ಆದ್ರೆ ಎಷ್ಟೋ ಬೋರ್ಡ್‌ಗಳು ಸೇಫ್ ಆಗಿರಲಿ ಅಂತ ಬಸ್ಸನ್ನ 100ಕ್ಕೆ ಇಳಿಸ್ತಿದ್ವು. ಆಗ 12.5 × 100 = 1250. ತಾರೀಖು, ಟೈಮೂ ತಪ್ಪಿದ್ರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿರತ್ತೆ. ಸಿಆರ್2032 ಅಂತ ಕೇಳಿ, ಗಡಿಯಾರದ ಅಂಗಡಿಯಲ್ಲೂ ಸಿಗತ್ತೆ. ಹೊಸದು ಹಾಕಿ, ಚಿಪ್‌ನ ಸರಿಯಾದ ಬಸ್ ಎಷ್ಟು ಅಂತ ಖಚಿತ ಮಾಡ್ಕೊಂಡು ಬಯೋಸ್‌ನಲ್ಲಿ ಸೆಟ್ ಮಾಡಿ. ಅಂದಾಜಲ್ಲಿ ಏರಿಸೋಕೆ ಹೋಗಬೇಡಿ.

👉 ಈಗಿನ ಕಥೆ
ಆ ಹಳೇ ಬಸ್ ಈಗಿಲ್ಲ. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರ ಕೋರ್ ಐ7ರಲ್ಲಿ ಮೆಮೊರಿ ನೋಡ್ಕೊಳ್ಳೋ ಭಾಗವನ್ನ ಪ್ರೊಸೆಸರ್ ಒಳಗೇ ತಂದ್ರು. ಆದ್ರೆ ಗೊಂದಲ ಹೋಗಿಲ್ಲ. ನಿಮ್ಮ ಲ್ಯಾಪ್‌ಟಾಪಲ್ಲಿ ಬಸ್ ಸ್ಪೀಡ್ 100ರ ಹತ್ರ ತೋರಿಸಬಹುದು, ಡಿಡಿಆರ್4 3200 ರ್‍ಯಾಮ್ 1600 ಅನ್ನಬಹುದು. ಅಂಗಡಿಗೆ ಓಡಿ ಜಗಳ ಆಡೋ ಮುಂಚೆ ಇದನ್ನ ನೆನಪಿಸ್ಕೊಳ್ಳಿ.

👉 ಕೊನೆಗೆ ಅಪ್ಪನ ಬಿಲ್ಲು
2.8 ಗಿಗಾಹರ್ಟ್ಸ್ ಪೆಂಟಿಯಂ 4 ಎರಡು ಥರ ಮಾರಾಟ ಆಗ್ತಿತ್ತು: 533 ಬಸ್‌ದು, 800 ಬಸ್‌ದು. ಹೆಸರು ಹೆಚ್ಚುಕಡಿಮೆ ಒಂದೇ ಆಗಿದ್ರಿಂದ ಮೋಸಕ್ಕೆ ನಿಜವಾಗ್ಲೂ ಅವಕಾಶ ಇತ್ತು. 533ರದ್ದು ಆಗಿದ್ರೆ 21 × 133 ಬರಬೇಕಿತ್ತು. ನಮ್ಮ ಮನೆಯದು 14 × 200 = 2800. ಅಂದ್ರೆ 800ರದ್ದೇ.

ಮಾರನೇ ದಿನ ಬೆಳಿಗ್ಗೆ ಒಂದು ಹಾಳೆಯಲ್ಲಿ ಈ ಗುಣಾಕಾರ ಬರೆದು ಅಪ್ಪನ ಕಾಫಿ ಲೋಟದ ಪಕ್ಕ ಇಟ್ಟೆ. "ಅಪ್ಪ, ಬಿಲ್ಲು ಸರಿ ಇದೆ. ನಾನೇ ತಪ್ಪು ಓದಿದ್ದು" ಅಂದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. ಆಮೇಲೆ ಹೇಳಿದ್ರು: "ಬಿಕಾಂ ಓದ್ತಿದೀಯ. ಟ್ಯಾಲಿ ಆಗ್ಲಿಲ್ಲ ಅಂದ ತಕ್ಷಣ ಕಳ್ಳತನ ಅಂತಾರಾ? ಮೊದಲು ಕಾಲಮ್ ಯಾವ್ದು ನೋಡ್ಬೇಕು."

ಆ ಹಾಳೆ ಈಗ ಬಿಲ್ಲಿನ ಜೊತೆ ಅದೇ ಫೈಲಲ್ಲಿದೆ.

ನಿಮ್ಮ ಮನೆ ಹಳೇ ಪಿಸಿ ಏನು ತೋರಿಸತ್ತೆ? ಬಸ್, ಗುಣಕ ಎರಡೂ ಕಾಮೆಂಟ್ ಮಾಡಿ, ಒಟ್ಟಿಗೆ ಲೆಕ್ಕ ಹಾಕೋಣ. ಮುಂದಿನ ಭಾಗ: ಟರ್ಬೋ ಬಟನ್ 🖥️

#ಹಳೇಪಿಸಿಕಥೆಗಳು #ಕನ್ನಡದಲ್ಲಿಟೆಕ್ #ಪೆಂಟಿಯಂ4