ಅಕ್ಷಿಪಟಲದ ರಕ್ತನಾಳಗಳಲ್ಲಿ ಅಡ್ರಿನಲಿನ್ ಗ್ರಾಹಕಗಳು

ಅಕ್ಷಿಪಟಲದ ಕಿರುಧಮನಿಗಳ ಗೋಡೆಯಲ್ಲಿದ್ದು, ಅಡ್ರಿನಲಿನ್ ಅಥವಾ ನಾರ್‌ಅಡ್ರಿನಲಿನ್ ಬಂದು ಅಂಟಿದಾಗ ನಾಳವನ್ನು ಹಿಗ್ಗಿಸುವ ಇಲ್ಲವೆ ಕುಗ್ಗಿಸುವ ಪ್ರೋಟೀನುಗಳು. ಇವನ್ನು ಆಲ್ಫಾ ಮತ್ತು ಬೀಟಾ ಎಂದು 1948ರಲ್ಲಿ ಮೊದಲು ವಿಂಗಡಿಸಿದವರು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್.

ಆಲ್ಫಾ-1 ಗ್ರಾಹಕ ಕೆರಳಿದರೆ ನಾಳದ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರಿ ನಾಳ ಬಿಗಿಯುತ್ತದೆ. ಬೀಟಾ ಗ್ರಾಹಕದ ದಾರಿ ಇದಕ್ಕೆ ವಿರುದ್ಧ. ಅದು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಪೊಟ್ಯಾಸಿಯಂ ಹೊರಹೋಗುವ ಬಾಗಿಲುಗಳು ತೆರೆಯುತ್ತವೆ, ಕ್ಯಾಲ್ಸಿಯಂ ತಗ್ಗುತ್ತದೆ, ಸ್ನಾಯು ಸಡಿಲಾಗಿ ನಾಳ ಹಿಗ್ಗುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಬೀಟಾ-2 ಮತ್ತು ಬೀಟಾ-3 ಎರಡೂ ಈ ಕೆಲಸ ಮಾಡುವುದು ಕಂಡುಬಂದಿದೆ.

ಅಚ್ಚರಿಯ ಸಂಗತಿಯೆಂದರೆ, ಗ್ರಾಹಕಗಳಿದ್ದರೂ ಅವಕ್ಕೆ ನೇರ ನರಸಂಪರ್ಕವಿಲ್ಲ. ಸಿಂಪಥೆಟಿಕ್ ನರಗಳು ಅಕ್ಷಿಪಟಲದ ಧಮನಿಯ ಜೊತೆ ಬಂದು ಕಣ್ಣುಗುಡ್ಡೆಯ ಹಿಂಬದಿಯಲ್ಲೇ ನಿಂತುಬಿಡುತ್ತವೆ. ಪಕ್ಕದ ಕೋರಾಯ್ಡ್ ಪದರದಲ್ಲಾದರೋ ಅವು ದಟ್ಟವಾಗಿ ಹರಡಿವೆ. ರಕ್ತದಲ್ಲಿ ತೇಲಿಬರುವ ಅಡ್ರಿನಲಿನ್ನನ್ನೂ ನಾಳದ ಒಳಪೊರೆ ಸುಲಭವಾಗಿ ದಾಟಗೊಡದು. ಆದ್ದರಿಂದಲೇ ಗಾಬರಿಯಾದಾಗ ಎದೆ ಬಡಿದುಕೊಂಡರೂ ಅಕ್ಷಿಪಟಲದ ರಕ್ತಹರಿವು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ದಿನನಿತ್ಯದ ಹತೋಟಿಯನ್ನು ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ನೈಟ್ರಿಕ್ ಆಕ್ಸೈಡ್‌ಗಳೇ ನೋಡಿಕೊಳ್ಳುತ್ತವೆ.

ಕಣ್ಣಿನ ದವಾಖಾನೆಗೆ ಹೋದವರಿಗೆ ಈ ಗ್ರಾಹಕಗಳ ಪರಿಚಯ ಹನಿಯೌಷಧದ ರೂಪದಲ್ಲಿ ಆಗಿರುತ್ತದೆ. ಪಾಪೆ ಅಗಲಿಸಲು ಹಾಕುವ ಫಿನೈಲೆಫ್ರಿನ್ ಆಲ್ಫಾ-1ನ್ನು ಕೆರಳಿಸುತ್ತದೆ; ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಬೀಟಾವನ್ನು ತಡೆದು ಕಣ್ಣಿನ ಒತ್ತಡ ಇಳಿಸುತ್ತದೆ. ಟಿಮೊಲಾಲ್ ಮೂಗಿನ ಒಳಪೊರೆಯ ಮೂಲಕ ರಕ್ತ ಸೇರುವುದರಿಂದ ದಮ್ಮು ಇರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು.

ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ವಿಷಯ ಗಂಭೀರವಾಗುತ್ತದೆ. ಅವರ ಅಕ್ಷಿಪಟಲದ ನಾಳಗಳು ಅಂಚಿನವರೆಗೆ ಬೆಳೆದಿರುವುದಿಲ್ಲ. ಆಮ್ಲಜನಕದ ಕೊರತೆಯಾದ ಭಾಗ ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ಅಡ್ಡಾದಿಡ್ಡಿ ಹೊಸ ನಾಳಗಳನ್ನು ಹುಟ್ಟಿಸುತ್ತದೆ. ಅಕ್ಷಿಪಟಲ ಕಿತ್ತುಬಂದು ಕುರುಡುತನವೂ ಬರಬಹುದು. ಇಲಿಮರಿಗಳಲ್ಲಿ ಬೀಟಾ ತಡೆಗಾರ ಪ್ರೊಪ್ರನಲಾಲ್ ಈ ಪ್ರೋಟೀನನ್ನು ತಗ್ಗಿಸಿತು. ಇಟಲಿಯಲ್ಲಿ ಹಸುಗೂಸುಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಪ್ರಯೋಜನ ಕಂಡರೂ ಕೆಲವರಲ್ಲಿ ರಕ್ತದೊತ್ತಡ, ಎದೆಬಡಿತ ಕುಸಿದವು. ಸಂಶೋಧಕರು ಹನಿಯೌಷಧದತ್ತ ಹೊರಳಿದ್ದು ಆ ಕಾರಣಕ್ಕೆ. ಸದ್ಯದ ರೂಢಿಯ ಚಿಕಿತ್ಸೆ ಲೇಸರ್ ಮತ್ತು ವಿಇಜಿಎಫ್ ತಡೆಯುವ ಚುಚ್ಚುಮದ್ದು.

ಕರ್ನಾಟಕದಲ್ಲಿ ಈ ರೋಗ ಪತ್ತೆಗೆ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಯೋಜನೆ ಆರಂಭಿಸಿತು. ತರಬೇತಾದ ತಂತ್ರಜ್ಞರು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೇ ಕ್ಯಾಮೆರಾ ಒಯ್ದು ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅಂತರಜಾಲದಲ್ಲಿ ಅದನ್ನು ನೋಡುತ್ತಾರೆ.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಂಥ ತಾಲ್ಲೂಕುಗಳಿಗೆ ಬೇಕಾದದ್ದು ಇಂಥ ವ್ಯವಸ್ಥೆಯೇ. ಹಳಿಯಾಳಕ್ಕೆ ಧಾರವಾಡ, ಮುಂಡಗೋಡಕ್ಕೆ ಹುಬ್ಬಳ್ಳಿ ಹತ್ತಿರ. ಜೋಯಿಡಾದ ಕಾಡಿನ ಮಜಿರೆಗಳಿಗೆ ಎರಡೂ ದೂರ. 34 ವಾರಕ್ಕೆ ಮೊದಲೇ ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಮಗುವಿನ ಮೊದಲ ಕಣ್ಣು ಪರೀಕ್ಷೆ 30 ದಿನಗಳೊಳಗೆ ಆಗಬೇಕು. ಆ ಹೊತ್ತಿಗೆ ತಾಯಿ ಮಗುವನ್ನೆತ್ತಿಕೊಂಡು ಬಾಣಂತನಕ್ಕೆ ತವರು ಸೇರಿರುವುದುಂಟು; ಪರೀಕ್ಷೆಯ ತಾರೀಖನ್ನು ಬಿಡುಗಡೆಯ ಚೀಟಿಯಲ್ಲೇ ಬರೆದುಕೊಡಬೇಕಾಗುತ್ತದೆ.